ಕತ್ತಿ ಹಿಡಿಯುವ ಕೈ

"ಕೆಂಪು ದೀಪ ದಾಟಿ ಬಂದು ಗುದ್ದಿದ್ದು ಕಾರಿನವನ ತಪ್ಪೇ, ಒಪ್ತೀನಿ. ಆದ್ರೆ ನಿಮ್ಮ ಬಲಗೈ ಈಗ ಸರಿಯಾಗಿದೆ. ನಡುಕ ಗಿಡುಕ ಎಲ್ಲ ಪರಿಹಾರಕ್ಕೆ ಆಡ್ತಿರೋ ನಾಟಕ," ಎಂದರು, ಕ್ಷೌರದಂಗಡಿಗೇ ಬಂದಿದ್ದ ವಿಮಾ ಕಂಪನಿಯ ವಕೀಲರು.

ಕ್ಷೌರಿಕ, ಅಪಘಾತವಾದ ಮೇಲೆ ಯಾರೂ ಕೂರದ ಕುರ್ಚಿಯ ಧೂಳು ಕೊಡವಿ, "ಕೂತ್ಕೊಳ್ಳಿ ಸಾರ್, ಗಡ್ಡ ಬೆಳೆದಿದೆ," ಎಂದ. ವಕೀಲರು ನಗುತ್ತಲೇ ಕೂತರು. ಅವನು ಎಡಗೈಯಲ್ಲಿ ನೊರೆ ಹಚ್ಚಿ, ಬಲಗೈಗೆ ಕತ್ತಿ ತೆಗೆದುಕೊಂಡ. ಕನ್ನಡಿಯೊಳಗೆ ಅದರ ಅಲಗು ಗಡಗಡ ನಡುಗುತ್ತ ಗಂಟಲಿನತ್ತ ಬರುವುದನ್ನು ಕಂಡದ್ದೇ, ವಕೀಲರು ಕತ್ತು ಹಿಡಿದುಕೊಂಡು ಚಂಗನೆ ಎದ್ದುನಿಂತರು.

ಅವನು ಕತ್ತಿ ಕೆಳಗಿಡಲಿಲ್ಲ. "ಕೈ ಸರಿಯಾಗಿದ್ರೆ ಕೂತ್ಕೊಳ್ಳಿ ಸಾರ್. ಇಲ್ಲಾಂದ್ರೆ ಈಗ ಯಾಕೆ ಎದ್ರಿ ಅನ್ನೋದನ್ನ ಜಡ್ಜ್ ಮುಂದೆ ನೀವೇ ಹೇಳಿ."