ಭಾನುವಾರದ ಗೆಜ್ಜೆ

"ಗೆಜ್ಜೆ ತಾನಾಗೇ ನಡೆದು ಹೋಗ್ತದ್ಯಾ?"

ಯಶೋದಾ ಕೇಳಿದ್ದು ಖಾಲಿ ಕೋಣೆಯನ್ನು. ಪೀಠದ ಮೇಲಿನ ನಟರಾಜ ಎತ್ತಿದ ಕಾಲು ಇಳಿಸಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಅವನ ಪಾದದ ಬಳಿ ಇರಬೇಕಾದ ಗೆಜ್ಜೆ ಜೋಡಿಯೂ ಇಲ್ಲ, ಅದನ್ನಿಡುವ ಕೆಂಪು ಚೀಲವೂ ಇಲ್ಲ. ಭಾನುವಾರ ಮಾಯ, ಸೋಮವಾರ ಪ್ರತ್ಯಕ್ಷ. ಕೆಲವು ವಾರಗಳಿಂದ ಇದೇ ಲೀಲೆ.

ಅದು ಅವಳಿಗೆ ಗುರುಗಳು ಕೊಟ್ಟ ಗೆಜ್ಜೆ. ಅಂಕೋಲೆಯ ಅವಳ ನೃತ್ಯಶಾಲೆಯಲ್ಲಿ ಗೆಜ್ಜೆಯನ್ನು ಗುರುವಿನ ಕೈಯಿಂದಲೇ ಪಡೆಯಬೇಕು, ತಾನಾಗಿ ಎತ್ತಿಕೊಳ್ಳುವಂತಿಲ್ಲ. ಕಟ್ಟಳೆ ಎಂದರೆ ಯಶೋದಾಳಿಗೆ ಮಡಿ ಇದ್ದ ಹಾಗೆ. ಕೇಳದೆ ಮಗುವಿನ ಮೈ ಮುಟ್ಟಿ ಭಂಗಿ ತಿದ್ದಿದವಳಲ್ಲ. ಬೇರೆ ಗುರುವಿನ ಶಿಷ್ಯರು ಬಂದರೆ, ಆ ಗುರು ಒಪ್ಪಿದ ಮೇಲೆಯೇ ಪಾಠ. ಮನೆಯವರಿಗಂತೂ ಕಲಿಸುವುದೇ ಇಲ್ಲ. ಪ್ರೀತಿ ಇದ್ದಲ್ಲಿ ತಾಳ ಸಡಿಲ ಎಂದು ಸ್ವಂತ ತಂಗಿಯ ಮಗಳನ್ನೇ ಬಾಗಿಲಿಂದ ಹಿಂದೆ ಕಳಿಸಿದ್ದಳು.

ಸೋಮವಾರ ಗೆಜ್ಜೆ ಮರಳಿತ್ತು. ಮೂಸಿದಳು. ಮೀನಿನ ವಾಸನೆ. ಅದರೊಳಗೆ ಮಂಡಿನೋವಿನ ಮುಲಾಮಿನ ಘಾಟು. ಪಟ್ಟಿಯ ಬಕಲ್ಲು ಯಾರೂ ಬಳಸದ ಕೊನೆಯ ತೂತಿನಲ್ಲಿ ಸಿಕ್ಕಿಕೊಂಡಿತ್ತು.

ಸಂಜೆ ಹೂ ಮಾರುವ ಬೊಮ್ಮಿ ಅಬ್ಬಲಿಗೆ ದಂಡೆ ಅಳೆಯುತ್ತ ಒಂದು ಕಿಡಿ ಉದುರಿಸಿದಳು. "ಅಕ್ಕೋರೆ, ನಿನ್ನೆ ಕಾರವಾರದಲ್ಲಿ ನಿಮ್ಮ ಕೆಂಪು ಚೀಲ ಕಂಡೆ. ಆ ಸಂಧ್ಯಾ ಬಾಯಿ ಡ್ಯಾನ್ಸ್ ಕ್ಲಾಸಿನ ಮೆಟ್ಲು ಹತ್ತತಾ ಇತ್ತು."

"ಯಾರ ಕೈಲಿ?"

"ಸಂತೆ ಜನ ಮಾರಾಯ್ರೆ. ಚೀಲ ಕಂಡ್ತು, ಮುಖ ಕಾಣ್ಲಿಲ್ಲ."

ಮೀನಿನ ವಾಸನೆ ಅಂದರೆ ಪಕ್ಕದ ಮೀನುಗಾರರ ಊರು ಕೇಣಿ. ಕೇಣಿ ಅಂದರೆ ಹೀರಾ. ತಾಯಿ ಮೀನು ಮಾರಿ ಓದಿಸುತ್ತಿದ್ದ ಹುಡುಗಿ, ಶಾಲೆಯ ಕಣ್ಮಣಿ. ಬರುವ ತಿಂಗಳು ಅವಳ ರಂಗಪ್ರವೇಶ. ಅವಳೇ ಕಾರವಾರದ ಪಾಲಾದರೆ ಉಳಿದವರೂ ಅವಳ ಬೆನ್ನು ಹಿಡಿಯುತ್ತಾರೆ. ಶಾಲೆಗೆ ಬೀಗ.

ಮರುದಿನ ಪಾಠ ಮುಗಿದ ಮೇಲೆ ಹೀರಾಳನ್ನು ತಡೆದು ಕೇಳಿದಳು, "ಭಾನುವಾರ ಕಾರವಾರಕ್ಕೆ ಹೋಗಿದ್ಯನೆ?"

"ಹೋಗಿದ್ದೆ ಅಕ್ಕೋರೆ. ಅಮ್ಮನ ಸಂತಿಗೆ, ಮೀನು ಮಾರೂಕೆ."

"ಮತ್ತೆಲ್ಲಿಗೆ?"

ಹೀರಾ ತುಟಿ ಕಚ್ಚಿದಳು. ಭಯವಲ್ಲ, ನಗು. "ಆಣೆ ಹಾಕಿದ್ದೆ. ಹೇಳೂಕಾಗೂದಿಲ್ಲ."

ಶಿವಾನಂದ ಚಹಾ ತಂದ. ಯಶೋದಾಳ ಗಂಡ, ಮಲ್ಲಾಪುರದಲ್ಲಿ ನೌಕರಿ. ಮನೆಯಲ್ಲಿದ್ದಾಗ ಅಡುಗೆಮನೆ ಬಾಗಿಲಲ್ಲಿ ನಿಂತು, ಪಾಠದ ತಾಳಕ್ಕೆ ಪಾತ್ರೆಯ ಮುಚ್ಚಳ ತಟ್ಟುವುದು ಅವನ ಚಟ.

ಹೀರಾ ಹೋದ ಮೇಲೆ ಅವನು ಹೇಳಿದ, "ಮಕ್ಕಳ ಮೇಲೆ ಸಂಶಯ ಎಂತಕ್ಕೆ? ಸಮುದ್ರದ ಊರಲ್ಲಿ ಮೀನಿನ ವಾಸನೆ ಯಾರಿಗಿಲ್ಲ? ಸಂಧ್ಯಾನೂ ಹಾಂಗಿನವಳಲ್ಲ."

"ನಿಮಗೆ ಹ್ಯಾಂಗೆ ಗೊತ್ತು?"

"ಸಂತೇಲಿ ಜನ ಆಡ್ಕಳ್ತಾರೆ."

ಕೇಣಿಯ ಬಂಗಡೆ ಮೀನು ಕಾಲಬುಡದಲ್ಲಿದ್ದರೂ, ರುಚಿ ಇರುವುದು ಕಾರವಾರದ್ದಕ್ಕೇ ಎಂದು ಇತ್ತೀಚೆಗೆ ವಾದಿಸುತ್ತಿದ್ದ ಮನುಷ್ಯ. ಅವನ ಮಾತಿಗೆ ಎಷ್ಟು ಬೆಲೆ ಕೊಡುವುದು? ಯಶೋದಾ ಮುಂದಿನ ಭಾನುವಾರಕ್ಕೆ ಕಾದಳು.

ಭಾನುವಾರ ಸ್ನಾನ ಮಾಡಿ ಬರುವಷ್ಟರಲ್ಲಿ ಗೆಜ್ಜೆ ಇಲ್ಲ. ಕಾರವಾರದ ಬಸ್ಸು ಹತ್ತಿದಳು. ಹಟ್ಟಿಕೇರಿ ದಾಟುವಾಗ, ಮನಸ್ಸು ತಣ್ಣಗಾಗಲೆಂದು ಅಜ್ಜಿ ಕಲಿಸಿದ ಸ್ತೋತ್ರ ಹಿಡಿದಳು. ಬಿಣಗಾ ಮುಟ್ಟುವಷ್ಟರಲ್ಲಿ ನೋಡಿದರೆ, ಅದೇ ಧಾಟಿಯಲ್ಲಿ ಸಂಧ್ಯಾಳಿಗೆ ಬೈಗುಳ ಕಟ್ಟುತ್ತಿದ್ದಳು.

ಕ್ಲಾಸಿನ ಮೆಟ್ಟಿಲ ಮೇಲೆಯೇ ಸಂಧ್ಯಾ ಎದುರಾದಳು. ಪರದೆಯ ಆಚೆ ಗೆಜ್ಜೆ ಸದ್ದು. ಯಶೋದಾಳಿಗೆ ಗುರುತು ಹತ್ತದಿದ್ದೀತೆ?

"ನಮ್ಮ ಗೆಜ್ಜೆ ಇಲ್ಲಿ ಎಂತಾ ಮಾಡ್ತಾ ಅದೆ?"

ಸಂಧ್ಯಾ ಕೈ ಮುಗಿದಳು. "ಅಕ್ಕ, ನಾ ಒಂದು ಹೆಜ್ಜೆನೂ ಕಲಿಸ್ಲಿಲ್ಲ, ದೇವರಾಣೆ. ಗುರುವಿನ ಒಪ್ಪಿಗೆ ತರದೆ ಪಾಠ ಇಲ್ಲ ಅಂದೆ. ಒಪ್ಪಿಗೆ ಸಿಗೂದೇ ಇಲ್ಲ, ಮೂಲೇಲಿ ನಿಂತು ಅಭ್ಯಾಸ ಮಾಡೂಕೆ ಜಾಗ ಕೊಟ್ರೆ ಸಾಕು ಅಂತ ಹಟ. ಹೆಜ್ಜೆ, ಕೈ, ನೋಟ, ಎಲ್ಲಾ ನಿಮ್ಮದೇ. ಎರವಲು ಶಿಷ್ಯತ್ವ ನಂಗೂ ಬೇಡ. ಈಗ ನೀವೇ ಬಂದ್ರಿ. ಒಪ್ಪಿಗೆ ಕೊಡಿ, ಇವತ್ತಿಂದ ಕಲಿಸ್ತೆ."

ಕಟ್ಟಿಕೊಂಡು ಬಂದ ಬೈಗುಳವೆಲ್ಲ ದಂಡವಾಯಿತು. ಯಶೋದಾ ಪರದೆ ಸರಿಸಿದಳು.

ಕನ್ನಡಿಯ ಮುಂದೆ, ಬಂಗಡೆಯ ಬಾಲ ಇಣುಕುವ ಕೆಂಪು ಚೀಲದ ಪಕ್ಕದಲ್ಲಿ, ಹೊಟ್ಟೆ ಮುಂದಕ್ಕೆ ಚಾಚಿ, ದಪ್ಪ ಕಾಲಿಗೆ ಗೆಜ್ಜೆ ಬಿಗಿದು, ಅರೆಮಂಡಿಯಲ್ಲಿ ಬೆವರುತ್ತ ನಿಂತಿದ್ದವನು ಶಿವಾನಂದ.

ಹೀರಾಳಿಂದ ಆಣೆ ಹಾಕಿಸಿಕೊಂಡವನು ಇವನೇ; ಅವಳ ನಗು ನೆನಪಾಗಿ ಯಶೋದಾಳ ಕಿವಿ ಬಿಸಿಯಾಯಿತು.

"ನೀನು ಮನೆಯವರಿಗೆ ಕಲಿಸೂದಿಲ್ಲಲ್ಲೇ," ಎಂದ ಅವನು, ಭಂಗಿ ಬಿಡದೆ. "ಕೊಟ್ಬಿಡೇ ಒಪ್ಪಿಗೆ. ಇಲ್ಲೇ ಕಲೀತೆ."

ಯಶೋದಾ ಅವನ ಪಾದ ನೋಡಿದಳು. ಅಡುಗೆಮನೆ ಬಾಗಿಲಿಂದ ಕಲಿತ ಪಾದ, ಕೂತದ್ದು ಮಾತ್ರ ಸರಿಯಾಗೇ ಕೂತಿತ್ತು.

"ಕೊಡೂದಿಲ್ಲ," ಎಂದಳು. "ನನ್ನ ಶಿಷ್ಯನ್ನ ನಾ ಯಾರಿಗೂ ಬಿಟ್ಟು ಕೊಡೂದಿಲ್ಲ."