ಸ್ಟೀಮರಿನ ತಳದ ಬಿಳಿ ಪುಡಿ

ವಲೇರಿಯನ್ನನ ತೋಳಿನ ಪಟ್ಟಿ ಬಿಚ್ಚುತ್ತಾ ಡಾಕ್ಟರ್ ಈಶ್ವರಪ್ರಸಾದರು ಮುಖ ಎತ್ತಿ ನೋಡಿದ್ದು ಅವನನ್ನಲ್ಲ, ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿ ಫ್ಲೋರಾಳನ್ನು.

“ಬಿ.ಪಿ. ನೂರ ಎಪ್ಪತ್ತು! ಮೂರು ತಿಂಗಳಿಂದ ಹೇಳ್ತಾ ಇದ್ದೇನೆ ಬಾಯಮ್ಮ. ಎಲ್ಲಿಂದಲೋ ಉಪ್ಪು ಹೋಗ್ತಾ ಉಂಟು. ಅಡಿಗೆ ಮಾಡುವುದು ನೀವೇ ಅಲ್ವಾ?”

ಉಪ್ಪಿನ ಭರಣಿಯನ್ನು ಫ್ಲೋರಾ ಪಕ್ಕದ ಮನೆಗೆ ಕೊಟ್ಟಾಗಿತ್ತು. ಉಪ್ಪಿನಕಾಯಿ, ಒಣಮೀನು, ಹಪ್ಪಳ ಒಂದೂ ಮನೆಯಲ್ಲಿರಲಿಲ್ಲ. ಮಗಳು ಅಲಿಶಾ ಮಂಗಳೂರಿನಿಂದ ಕರೆಂಟಿನ ಸ್ಟೀಮರ್ ತಂದುಕೊಟ್ಟ ಮೇಲೆ ತರಕಾರಿಯನ್ನೆಲ್ಲ ಬರೀ ಆವಿಯಲ್ಲಿ ಬೇಯಿಸಿ, ಬೆಳ್ಳುಳ್ಳಿ, ಕಾಳುಮೆಣಸು ಮಿಕ್ಸಿಯಲ್ಲಿ ತಿರುವಿ ಹಾಕಿ, ಮೇಲೆ ಲಿಂಬೆ ಹಿಂಡಿ ಬಡಿಸುತ್ತಿದ್ದಳು.

ಕುಂಜತ್ತೂರಿಗೆ ಮರಳುವ ಬಸ್ಸಿನಲ್ಲಿ ವಲೇರಿಯನ್ ಮೆಲ್ಲಗೆ ಹೇಳಿದ, “ಕೈತಪ್ಪಿ ಹಾಕಿದ್ದರೆ ಹೇಳು. ನಾನು ಬೈಯುವುದಿಲ್ಲ.”

“ನಿಮ್ಮ ಟೈಲರ್ ಅಂಗಡಿಯ ಪಕ್ಕದ ಹೋಟೆಲಿನಲ್ಲಿ ಗೋಳಿಬಜೆ ತಿಂದಿದ್ದರೆ ನೀವೂ ಹೇಳಿ. ನಾನೂ ಬೈಯುವುದಿಲ್ಲ.”

ವಲೇರಿಯನ್ ಟಿಕೇಟನ್ನು ಮಡಚಿ ಕಿಸೆಗೆ ಹಾಕಿ ಕಿಟಕಿಯ ಕಡೆ ತಿರುಗಿದ.

ಮರುದಿನ ಬೆಳಿಗ್ಗೆ ಫ್ಲೋರಾ ಸ್ಟೀಮರ್ ತೊಳೆಯಲು ಕೂತಳು. ನೀರು ಕುದಿಯುವ ತಳದ ತಟ್ಟೆಯಲ್ಲಿ ಯಾವಾಗಲೂ ಒಂದು ಬಿಳಿ ಪದರ ಕಟ್ಟುತ್ತಿತ್ತು. ದಿನಾ ಅದನ್ನು ತಿಕ್ಕಿ ತೆಗೆಯುತ್ತಿದ್ದಳೇ ವಿನಾ ಅದೆಂತದು ಎಂದು ಯೋಚಿಸಿದವಳಲ್ಲ. ಅವತ್ತು ಎಂತ ತೋಚಿತೋ, ಉಗುರಿನಿಂದ ಕೆರೆದು ನಾಲಿಗೆಗೆ ಮುಟ್ಟಿಸಿದಳು. ಮತ್ತೊಮ್ಮೆ ಮುಟ್ಟಿಸಿದಳು.

“ಇಲ್ಲಿ ಬನ್ನಿ ಮಾರಾಯ್ರೆ! ನಾಲಿಗೆ ಚಾಚಿ.”

ವಲೇರಿಯನ್ ರುಚಿ ನೋಡಿ ಕಣ್ಣರಳಿಸಿದ. “ಉಪ್ಪು!” ಅಂದವನ ಮುಖ ಮರುಕ್ಷಣವೇ ಬಿಗಿಯಿತು. “ಹಾಗಾದರೆ ನೀನು ತರಕಾರಿಗೆ ಹಾಕುವುದು ಹೌದು. ಅದೇ ಕೆಳಗೆ ಇಳಿದದ್ದು.”

ನಿನ್ನೆಯಾಗಿದ್ದರೆ ಫ್ಲೋರಾ ಅತ್ತುಬಿಡುತ್ತಿದ್ದಳೇನೋ. ಈಗ ಅವಳಿಗೆ ಅಳುವಿಗಿಂತ ಕುತೂಹಲ ದೊಡ್ಡದಾಗಿತ್ತು. ಸ್ಟೀಮರನ್ನು ತಿಕ್ಕಿ, ತೊಳೆದು, ಒರೆಸಿ ಅವನ ಕೈಗೇ ಕೊಟ್ಟಳು.

“ಬಾವಿಯಿಂದ ನೀವೇ ನೀರು ಸೇದಿ. ನೀವೇ ಹಾಕಿ. ಮೇಲೆ ಎಂತದೂ ಇಡುವುದು ಬೇಡ. ಆಮೇಲೆ ನೋಡುವ.”

ಇಬ್ಬರೂ ಸ್ಟೂಲು ಎಳೆದುಕೊಂಡು ಖಾಲಿ ಸ್ಟೀಮರಿನ ಮುಂದೆ ಕೂತರು. ವಲೇರಿಯನ್ ಅಂಗಡಿ ತೆರೆಯುವುದನ್ನೂ ಮರೆತ. ನೀರು ಇಂಗಿದ ಹಾಗೆಲ್ಲ ತಾನೇ ಅಳೆದು ಒಂದೊಂದಾಗಿ ಒಟ್ಟು ಮೂರು ಲೋಟ ಹೊಯ್ದ. ಕೊನೆಗೆ ನೀರು ಪೂರ್ತಿ ಆರಿ ಸ್ಟೀಮರ್ ಟಕ್ಕೆಂದು ತಾನಾಗಿ ನಿಂತಿತು. ಮುಚ್ಚಳ ತೆಗೆದರೆ ತಟ್ಟೆಯ ಸುತ್ತ ಅದೇ ಬಿಳಿ ಪದರ. ನಾಲಿಗೆಗಿಟ್ಟರೆ ಅದೇ ಉಪ್ಪು.

“ಇಷ್ಟಕ್ಕೆ ಸಾಲದು, ಹೋಲಿಸಿ ನೋಡಲಿಕ್ಕೆ ಇನ್ನೊಂದು ಬಾವಿಯ ನೀರೂ ಬೇಕು,” ಎಂದಳು ಫ್ಲೋರಾ. “ಮೀಂಜದಲ್ಲಿ ರೀನಾಳ ಮನೆಯಲ್ಲಿ ಒಳ್ಳೆ ನೀರುಂಟು.”

ರೀನಾ ಅವಳ ತಂಗಿ; ಮೀಂಜ ಸಮುದ್ರದಿಂದ ದೂರ, ಒಳನಾಡಿನ ಊರು. ವಲೇರಿಯನ್ ಕ್ಯಾನು ಹಿಡಿದು ಬಸ್ಸು ಹತ್ತಿದವನು ಮಧ್ಯಾಹ್ನದೊಳಗೆ ವಾಪಸ್ಸು ಬಂದ. ಮತ್ತೆ ಮೂರೇ ಲೋಟ, ಮತ್ತೆ ಟಕ್. ಈ ಸಲ ತಟ್ಟೆಯಲ್ಲಿ ಉಳಿದದ್ದು ಉಗುರಿಗೂ ಸಿಗದ ತೆಳ್ಳಗಿನ ಕಲೆ. ಅದಕ್ಕೆ ರುಚಿಯೇ ಇರಲಿಲ್ಲ.

ವಲೇರಿಯನ್ ಎದ್ದುಹೋಗಿ ಬಾವಿಯೊಳಗೆ ಬಗ್ಗಿ ನೋಡಿದ. ಏಪ್ರಿಲ್ ತಿಂಗಳು, ನೀರು ತಳ ಸೇರಿತ್ತು. ತೆಂಗಿನಮರಗಳ ಆಚೆ ಸಮುದ್ರದ ಸದ್ದು ಕೇಳುತ್ತಿತ್ತು.

“ವರ್ಷಗಟ್ಟಲೆ ಕುಡಿದ ನೀರು. ಗೊತ್ತೇ ಆಗಲಿಲ್ಲ ನೋಡು.”

“ಸಮುದ್ರದ ನೀರು ಸ್ವಲ್ಪ ಸ್ವಲ್ಪವೇ ಒಳಗೆ ಸೇರಿದರೆ ನಾಲಿಗೆಗೆ ಹೇಗೆ ಗೊತ್ತಾಗ್ತದೆ?”

“ಗಂಜಿ, ಸಾರು, ಚಾ, ಎಲ್ಲ ಇದರಲ್ಲೇ. ಫ್ಲೋರಾ, ನಾನು ನಿನ್ನನ್ನು...”

“ಹೂಂ. ಮುಂದೆ ಹೇಳಿ.”

ವಲೇರಿಯನ್ ಖಾಲಿ ಕ್ಯಾನನ್ನು ಎತ್ತಿಕೊಂಡು, “ನಾಳೆ ಎರಡು ಕ್ಯಾನು ತರ್ತೇನೆ,” ಎಂದ.

ಮೀಂಜದ ನೀರು ಕುಡಿದು ಹದಿನೈದು ದಿನವಾದ ಮೇಲೆ ಇಬ್ಬರೂ ಕ್ಲಿನಿಕ್ಕಿಗೆ ಹೋದರು. ರಕ್ತದೊತ್ತಡ ನೂರ ಐವತ್ತಕ್ಕೆ ಇಳಿದಿತ್ತು. ಫ್ಲೋರಾ ಸಣ್ಣ ಸೀಸೆಯೊಂದನ್ನು ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಡಾಕ್ಟರು ಒಳಗಿನ ಬಿಳಿ ಪುಡಿಯನ್ನು ಅಂಗೈಗೆ ಸುರಿದುಕೊಂಡು ಬೆರಳಿನಿಂದ ಹರಡಿ ನೋಡಿದರು.

“ಇದೊಂದೇ ಕಾರಣ ಅಂತ ಈಗಲೇ ಹೇಳಲಿಕ್ಕೆ ಬರುವುದಿಲ್ಲ. ನೀರನ್ನು ಪರೀಕ್ಷೆಗೆ ಕೊಡಿ. ಅಲ್ಲಿಯವರೆಗೆ ಆ ಬಾವಿ ಮುಟ್ಟಬೇಡಿ.” ಆಮೇಲೆ ತಮ್ಮಷ್ಟಕ್ಕೆ ಎಂಬಂತೆ ಹೇಳಿದರು, “ಎಷ್ಟು ಜನ ಹೆಂಗಸರಿಗೆ ಬೈದಿದ್ದೇನೆ ನಾನು!”

ಪುಡಿಯಿದ್ದ ಅಂಗೈಯನ್ನು ಹಾಗೇ ಮುಚ್ಚಿಕೊಂಡು ಅವರು ಬಾಗಿಲಿಗೆ ಹೋದರು. ಹೊರಗೆ ಬೆಂಚುಗಳ ಮೇಲೆ ಕಾಯುತ್ತಿದ್ದ ಗಂಡಸರು, ಅವರ ಪಕ್ಕದಲ್ಲಿ ಮದ್ದಿನ ಚೀಟಿ ಹಿಡಿದ ಹೆಂಡಂದಿರು.

“ಸಮುದ್ರದ ಬದಿಯ ಬಾವಿ ನೀರು ಕುಡಿಯುವವರು ಯಾರೆಲ್ಲ ಇದ್ದೀರಿ? ಒಮ್ಮೆ ಕೈ ಎತ್ತಿ.”

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಬಳೆ ತೊಟ್ಟ ಕೈಗಳು ಒಂದೊಂದಾಗಿ ಮೇಲೆದ್ದವು.