ಜಗ್ಗಿ ಕೊಡುವ ಹಗ್ಗ

ಜಗಳೂರಿನ ಅಮಲ್ದಾರ್ ಕಚೇರಿಯ ಉಗ್ರಾಣದಲ್ಲಿ ಬಾವಿಹಗ್ಗಗಳನ್ನು ಇಳಿಸುವಾಗ ಹಗ್ಗದ ಶಾಲೆಯ ಮೇಷ್ಟ್ರು ಷಣ್ಮುಖಪ್ಪ ಒಂದು ಸಿಂಬಿ ಹಗ್ಗವನ್ನು ಮೆಲ್ಲನೆ ರಾಶಿಯ ತಳಕ್ಕೆ ತಳ್ಳಿದ. ಅದರ ನಡುವಿನ ಕೂಡಿಕೆ ಸಡಿಲವಾಗಿತ್ತು. ಒಂದೇ ಕೈ ಸ್ವಾಧೀನವಿದ್ದ ಉಚ್ಚಂಗೆಮ್ಮ ಹೊಸದಾಗಿ ಹೊಸೆದದ್ದು. ಬೆಳಿಗ್ಗೆಯೇ ಬಿಚ್ಚಿಸಿ ಮತ್ತೆ ಹೊಸೆಸಬೇಕಿತ್ತು, ಅವಳ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ. ಸರ್ಕಾರದವರ ಕೈಯಲ್ಲಿ ಹಗ್ಗ ಕಿತ್ತರೆ ಖರೀದಿ ನಿಲ್ಲುತ್ತದೆ. ಖರೀದಿ ನಿಂತರೆ ಧರ್ಮಸಂಘದ ಹಗ್ಗದ ಶಾಲೆ ಮುಚ್ಚುತ್ತದೆ. ಕಣ್ಣಿಲ್ಲದವರು, ಕಾಲಿಲ್ಲದವರು ಮತ್ತೆ ಸಂತೆಯಲ್ಲಿ ಕೈಯೊಡ್ಡಬೇಕು.

“ಜಗ್ಗಿ ಕೊಡಾಣೇನ್ರಿ?” ಎಂದ ಜೊತೆಗೆ ಬಂದಿದ್ದ ಯರ್ರಿಸ್ವಾಮಿ. ಹುಟ್ಟುಕುರುಡ, ಶಾಲೆಯಲ್ಲಿ ಎಲ್ಲರಿಗಿಂತ ಹಳಬ. ಕೊಡುವವರು, ತಗೊಳ್ಳುವವರು ಎರಡು ತುದಿ ಹಿಡಿದು ಜಗ್ಗದ ಹೊರತು ಹಗ್ಗ ಕೊಟ್ಟಂತಲ್ಲ ಎಂಬುದು ಶಾಲೆಯ ಪದ್ಧತಿ.

ಉಗ್ರಾಣದ ಮರುಳಸಿದ್ದಪ್ಪ ಕುರ್ಚಿ ಬಿಟ್ಟು ಏಳಲಿಲ್ಲ. “ಧರ್ಮದ ಹಗ್ಗಕ್ಕೆ ಜಗ್ಗಾದೇನು? ಒಳಗಿಡ್ರಿ.”

ಷಣ್ಮುಖಪ್ಪನಿಗೆ ಹೋದ ಉಸಿರು ಬಂದಂತಾಯಿತು.

“ಹೋದ ವರ್ಷದವು ಸವೆದ್ವೇನ್ರಿ? ನೀರು ಸೇದೋ ಹೆಣ್ಮಕ್ಕಳು ಏನಂತಾರೆ?” ಯರ್ರಿಸ್ವಾಮಿ ಕೇಳಿದ.

“ಬಾವಿಗೆ ಇಳಿದಿದ್ರೆ ತಾನೆ ಸವೆಯಾಕೆ? ನಿಮ್ಮವು ತಗಳ್ಳಿ ಅಂತ ಹುಕುಂ ಐತೆ, ತಗಂತೀವಿ. ಬಾವಿಗೆ ಬಿಡ್ರಿ ಅಂತ ಹುಕುಂ ಇಲ್ಲ. ನಿಮ್ಮ ಹಗ್ಗ ನಂಬಿ ಹೂಳೆತ್ತಾಕೆ ಇಳಿದೋನು ಸತ್ರೆ ಯಾರ ತಲಿ ಹೋಗ್ತೈತೆ?”

ಯರ್ರಿಸ್ವಾಮಿ ಗೋಡೆ ಸವರುತ್ತ ಹೋಗಿ ಹಳೆಯ ಸಿಂಬಿಗಳನ್ನು ಮುಟ್ಟಿದ. ನಾರು ಕೊಟ್ಟ ದಿನದಷ್ಟೇ ಒರಟಾಗಿತ್ತು. ಮೇಲೆ ದೂಳು. ಕೈಯನ್ನು ಪಂಚೆಗೆ ಒರೆಸಿಕೊಂಡು ಹೊಸ ರಾಶಿಯ ಹತ್ತಿರ ಕೂತ.

“ಮ್ಯಾಲಿಂದನ್ನ ಎಲ್ರೂ ಚೆಂದಾಗೇ ಇಟ್ಟಿರ್ತಾರೆ,” ಎಂದು ತಳದ ಸಿಂಬಿಯನ್ನೇ, ಉಚ್ಚಂಗೆಮ್ಮ ಹೊಸೆದದ್ದನ್ನೇ, ಎಳೆದು ಬಿಚ್ಚಿದ. “ಹಿಡೀರಿ ಸಾಮಿ.”

ಮರುಳಸಿದ್ದಪ್ಪನಿಗೆ ತಮಾಷೆ ಎನಿಸಿತು. “ನಂಗೆ ಸೊಂಟನೋವು. ನಿಮ್ಮ ಮೇಷ್ಟ್ರೇ ಜಗ್ಲಿ. ಹಗ್ಗ ತಡಕಂಡ್ರೆ ಇವತ್ತೇ ಕಚೇರಿ ಬಾವಿಗೆ ಬಿಡ್ತೀನಿ. ಕಿತ್ರೆ ಮುಂದಿನ ವರ್ಷ ಗಾಡಿ ಕಟ್ಟಬ್ಯಾಡ್ರಿ.”

“ಆಗ್ಲಿ,” ಎಂದ ಯರ್ರಿಸ್ವಾಮಿ. ಒಂದು ತುದಿಯನ್ನು ಷಣ್ಮುಖಪ್ಪನ ಕೈಗಿತ್ತು, ಇನ್ನೊಂದನ್ನು ತನ್ನ ಸೊಂಟಕ್ಕೆ ಸುತ್ತಿ ಆಚೆ ಬಾಗಿಲವರೆಗೆ ಹೋಗಿ ಹಿಮ್ಮಡಿ ಊರಿ ನಿಂತ.

“ಜಗ್ಗ್ರಿ ಮೇಷ್ಟ್ರೇ. ಅನುಮಾನ ಬ್ಯಾಡ.”

ಷಣ್ಮುಖಪ್ಪ ಎರಡೂ ಕೈಯಲ್ಲಿ ತುದಿಯನ್ನು ಬಿಗಿಯಾಗಿ ಹಿಡಿದ. ಯರ್ರಿಸ್ವಾಮಿ ಕಾದ. ಮರುಳಸಿದ್ದಪ್ಪ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. ಇಬ್ಬರ ನಡುವೆ ಹಗ್ಗ ಇನ್ನೂ ನೆಲ ಮುಟ್ಟಿಕೊಂಡೇ ಇತ್ತು.